ಅಪ್‌ಡೇಟ್: 'ಪ್ಯೂರ್' ಗೇಮ್‌ನಲ್ಲಿ ಜಂಪ್ ಎತ್ತರ ಸಾಲದೇ ಇರೋದು, ದೊಡ್ಡ ಟ್ರಿಕ್ ಬರದೇ ಇರೋದು, ಎರಡೂ ಸರಿಹೋಯ್ತು

ಮೊದಲು ಕೇಳಿದ್ದು ಇದು: 2008ರ 'ಪ್ಯೂರ್', ಅಂದ್ರೆ ನಾಲ್ಕು ಚಕ್ರದ ಎಟಿವಿ ಬೈಕ್ ಓಡಿಸಿ ಗಾಳಿಯಲ್ಲಿ ಟ್ರಿಕ್ ಮಾಡೋ ರೇಸಿಂಗ್ ಗೇಮ್, ಎಕ್ಸ್‌ಬಾಕ್ಸ್ 360ರಲ್ಲಿ. ದಿಬ್ಬದಿಂದ ಹಾರಿದರೆ ಎತ್ತರ ಸಾಲಲ್ಲ, ವೈ ಬಟನ್‌ನ ದೊಡ್ಡ ಟ್ರಿಕ್ (ಎ ಚಿಕ್ಕದಕ್ಕೆ, ಬಿ ಮಧ್ಯಮದ್ದಕ್ಕೆ) ಮುಗಿಯೋ ಮೊದಲೇ ನೆಲ ಬಂದುಬಿಡುತ್ತೆ.

ಬಂದ ಉತ್ತರಗಳಲ್ಲಿ ಕೆಲಸ ಮಾಡಿದ್ದು 'ಪ್ರೀಲೋಡ್' ಸಲಹೆ, ಅಂದ್ರೆ ಎತ್ತರ ಹಾರೋಕೆ ಮೊದಲೇ ತಯಾರಾಗೋದು. ದಿಬ್ಬ ಹತ್ತುವಾಗ ಎಡ ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿಯಬೇಕು, ಮುಂದಿನ ಚಕ್ರ ಅಂಚು ದಾಟೋ ಕ್ಷಣಕ್ಕೆ ಮುಂದಕ್ಕೆ ತಳ್ಳಬೇಕು. ನಾನು ಗಾಳಿಗೆ ಹೋದಮೇಲೆ ತಳ್ಳುತ್ತಿದ್ದೆ, ಅದಕ್ಕೇ ಏನೂ ಆಗ್ತಿರಲಿಲ್ಲ. ತುಂಬಾ ಬೇಗ ತಳ್ಳಿದರೂ ಅಷ್ಟೇ, ವ್ಯರ್ಥ. ಹತ್ತಿಪ್ಪತ್ತು ಸಲ ಒಂದೇ ದಿಬ್ಬದಲ್ಲಿ ಮಾಡಿದರೆ ಕೈಗೆ ಕೂರುತ್ತೆ.

ಗೇಮಿನ ಗ್ಯಾರೇಜಿನಲ್ಲಿ ಎಂಜಿನ್, ಟೈರ್ ಬದಲಿಸಿ ಅಂತ ಕೆಲವರು ಅಂದಿದ್ರಲ್ಲ, ಅದರಿಂದ ವೇಗ ಬಂತು, ಈ ತೊಂದರೆ ಹೋಗಲಿಲ್ಲ.

ಗೊತ್ತಿಲ್ಲದೇ ಇದ್ದದ್ದು ಬೂಸ್ಟ್ (ಸ್ವಲ್ಪ ಹೊತ್ತಿನ ಹೆಚ್ಚುವರಿ ವೇಗ) ವಿಷಯ. ಬೂಸ್ಟ್ ಮತ್ತು ಟ್ರಿಕ್ ಎರಡಕ್ಕೂ ಪರದೆ ಮೇಲೆ ಒಂದೇ ಮೀಟರ್ ಪಟ್ಟಿ, ಟ್ರಿಕ್ ಮಾಡಿದರೆ ತುಂಬುತ್ತೆ! ಎಕ್ಸ್ ಒತ್ತಿ ಬೂಸ್ಟ್ ಖರ್ಚು ಮಾಡಿದಷ್ಟೂ ಮೊದಲು ವೈ, ಆಮೇಲೆ ಬಿ ಟ್ರಿಕ್ ಕೈತಪ್ಪುತ್ತೆ. ಹಾಗಾಗಿ ಈಗ ಮೊದಲ ಸುತ್ತಲ್ಲಿ ಎ ಟ್ರಿಕ್ ಮಾಡಿ ಪಟ್ಟಿ ತುಂಬಿಸ್ತೀನಿ, ಬೂಸ್ಟ್ ಉದ್ದ ನೇರ ದಾರಿಗೆ ಮಾತ್ರ. ಒಂದೇ ಟ್ರಿಕ್ಕನ್ನು ಮತ್ತೆ ಮತ್ತೆ ಮಾಡಿದರೆ ಪಟ್ಟಿಗೆ ಸಿಗೋದು ಕಡಿಮೆಯಾಗುತ್ತೆ, ಸ್ಟಿಕ್ ದಿಕ್ಕು ಬದಲಿಸ್ತಾ ಇರಿ. ಚಿಕ್ಕ ದಿಬ್ಬದಲ್ಲಿ ವೈ ಆಸೆ ಬೇಡ. ಬಿದ್ದರೆ ಹೊತ್ತೂ ಹೋಯ್ತು, ಜಾಗವೂ ಹೋಯ್ತು.

ಸ್ಪ್ರಿಂಟ್‌ನಲ್ಲಿ (ಚಿಕ್ಕ ಟ್ರ್ಯಾಕಿನ ರೇಸ್) ಇದ್ಯಾವುದೂ ಅಷ್ಟು ಬೇಕಾಗಲ್ಲ, ಅಲ್ಲಿ ತಿರುವು ಹಿಡಿದರೆ ಸಾಕು. ಪ್ರೀಲೋಡ್ ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್.