ಕಪ್ಪು ಕಾರಿನ ಮೇಲೆ ಬೀದಿಯೆಲ್ಲ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಪ್ಪನ ಕಪ್ಪು ಪ್ರೀಮಿಯರ್ ಪದ್ಮಿನಿಯ ಫೋಟೋ ತೆಗೆದೆ. ಬಾಗಿಲ ಮೇಲೆ ಎದುರು ಮನೆ ಗೇಟು, ಲೈಟು ಕಂಬ, ಜೊತೆಗೆ ನಾನು! ಪೋಲರೈಸರ್ (ಪ್ರತಿಬಿಂಬ ತಗ್ಗಿಸುವ ಲೆನ್ಸ್ ಫಿಲ್ಟರ್) ತಿರುಗಿಸಿದರೆ ಬಾನೆಟ್ ಸರಿಹೋಗುತ್ತದೆ, ಗಾಜು ಹಾಗೇ ಉಳಿಯುತ್ತದೆ. ಅಪ್ಪನ 70ನೇ ಹುಟ್ಟುಹಬ್ಬಕ್ಕೆ ದೊಡ್ಡ ಪ್ರಿಂಟ್ ಕೊಡಬೇಕು.

ಉತ್ತರ 1: ಒಂದೇ ಫೋಟೋದಲ್ಲಿ ಎರಡೂ ಆಗುವುದಿಲ್ಲ. ಟ್ರೈಪಾಡ್ ಅಲ್ಲಾಡಿಸದೆ, ಫಿಲ್ಟರ್ ಸ್ವಲ್ಪ ಸ್ವಲ್ಪ ತಿರುಗಿಸಿ ಮೂರ್ನಾಲ್ಕು ತೆಗೆಯಿರಿ. ಫೋಟೋಶಾಪ್‌ನಲ್ಲಿ ಒಂದರ ಮೇಲೊಂದು ಲೇಯರ್ ಮಾಡಿ, ಬೇಡದ ಭಾಗ ಮರೆಯಾಗುವಂತೆ ಮಾಸ್ಕ್ ಹಾಕಿ, ಬಾನೆಟ್ ಒಂದರಿಂದ, ಗಾಜು ಇನ್ನೊಂದರಿಂದ ಸೇರಿಸಿ. ಕ್ರೋಮ್ ಬಂಪರ್ ಮೇಲೆ ಮಾತ್ರ ಪೋಲರೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಉತ್ತರ 2: ಬಂಪರ್ ಮೇಲೆ ಬೀದಿ ಕಾಣಬಾರದೆಂದರೆ ಕಾರು ನಿಲ್ಲಿಸುವ ಜಾಗವನ್ನೇ ಬದಲಾಯಿಸಬೇಕು ಅಲ್ವಾ? ಬಯಲಿಗೆ ಒಯ್ಯಿರಿ. ಸೂರ್ಯ ಮುಳುಗಿದ ಮೇಲೆ, 85 ಎಂಎಂ ಲೆನ್ಸ್‌ನಲ್ಲಿ ದೂರದಿಂದ ತೆಗೆಯಿರಿ.

ಪ್ರಶ್ನೆ ಕೇಳಿದವರು: ಭಾನುವಾರ ಸಂಜೆ ಕೆರೆ ಏರಿಯ ಹತ್ತಿರ ಒಯ್ಯುತ್ತೇನೆ. ಅಪ್ಪನೇ ಓಡಿಸಲಿ.