ಆಶ್ರಮಕ್ಕೆ ಸೇರಿದ ಮೇಲೆ ಅಮ್ಮನ ಮೊಣಕಾಲು ನೆಟ್ಟಗಾಗುತ್ತಿಲ್ಲ: ಇದು ವಯಸ್ಸಿನಿಂದಲೇ?

ತೀರ್ಥಹಳ್ಳಿ ಕಡೆಯವಳು:
ನನ್ನ ಅಮ್ಮನಿಗೆ 79 ವರ್ಷ. ಕಳೆದ ಸುಗ್ಗಿಯವರೆಗೂ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಅವರನ್ನು ಅಪ್ಪ ತೀರಿಕೊಂಡ ಮೇಲೆ ಶಿವಮೊಗ್ಗದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿ ಜಾರುತ್ತದೆಂದು ಯಾರನ್ನೂ ಹೊರಗೆ ಬಿಡಲಿಲ್ಲ. ಅಲ್ಲಿಯವರು ಒಳ್ಳೆಯವರೇ, ಸ್ನಾನ ಮಾಡಿಸಿ, ಸೀರೆ ಉಡಿಸಿ, ತಲೆ ಬಾಚಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಮೊನ್ನೆ ನಾನು ಬಾಚಣಿಗೆ ಕೊಟ್ಟಾಗ ಅಮ್ಮನ ಕೈ ಕಿವಿಯವರೆಗೆ ಬಂದು ನಿಂತಿತು, ತುರುಬನ್ನು ಮುಟ್ಟಲಿಲ್ಲ. ಮಲಗಿದರೂ ಮೊಣಕಾಲು ಮಡಚಿಕೊಂಡೇ ಇರುತ್ತದೆ. ಇದು ಸರಿಹೋಗುವುದೇ?

ಸಾಗರದ ಫಿಸಿಯೋಥೆರಪಿಸ್ಟ್:
ವಯಸ್ಸಿನ ಪಾಲು ಇದ್ದೇ ಇದೆ. ಆದರೆ ಕೆಲವೇ ತಿಂಗಳಲ್ಲಿ ಇಷ್ಟು ಬದಲಾಗಿದ್ದರೆ ಹೆಚ್ಚಿನದು ಕುಳಿತೇ ಇದ್ದುದರಿಂದ ಆಗಿರಬಹುದು. ಮೊಣಕಾಲು ದಿನವಿಡೀ ಮಡಚಿಯೇ ಇದ್ದರೆ ತೊಡೆಯ ಹಿಂಬದಿಯ ಸ್ನಾಯು ಆ ಗಿಡ್ಡ ಅಳತೆಗೇ ಹೊಂದಿಕೊಳ್ಳುತ್ತದೆ, ಕೀಲಿನ ಸುತ್ತಲಿನ ಪೊರೆಯೂ ಬಿಗಿಯುತ್ತದೆ. ಹಾಯೆನಿಸುತ್ತದೆಂದು ಮೊಣಕಾಲಿನಡಿ ದಿಂಬು ಇಡುವುದು ಈ ಬಿಗಿತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ಒಂದೇ ಬದಿಯ ಬಿಗಿತ, ಕೀಲಿನ ಊತ, ಕೈ ನಡುಕ ಇದ್ದರೆ ಕಾರಣ ಬೇರೆಯೇ ಇರಬಹುದು.

ಅನಂತರ ಸ್ನಾನದ ಬಿಸಿನೀರಿಗೆ ಮೈ ಸಡಿಲವಾಗಿರುವಾಗ ಕಾಲನ್ನು ನಿಧಾನವಾಗಿ ಚಾಚಿಸಿ, ಅರ್ಧ ನಿಮಿಷದಷ್ಟು ಹಾಗೆಯೇ ಹಿಡಿದು ಬಿಡಬೇಕು; ಜಗ್ಗಬಾರದು. ವರ್ಷಗಟ್ಟಲೆ ಬಿಗಿದದ್ದು ಪೂರ್ತಿ ಬಿಡುವುದು ಕಷ್ಟ, ಹೊಸತಾದರೆ ಸಾಕಷ್ಟು ಮರಳುತ್ತದೆ. ಬಲವಂತೂ ಖಂಡಿತ ಬರುತ್ತದೆ: 1994ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ ಸರಾಸರಿ 87 ವರ್ಷದ ಆಶ್ರಮವಾಸಿಗಳು 10 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದಾಗ ಅವರ ಸ್ನಾಯುಬಲ ಇಮ್ಮಡಿಗೂ ಹೆಚ್ಚಾಯಿತು. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಬಲದ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಕುರ್ಚಿಯ ಕೈ ಹಿಡಿದು ಐದಾರು ಬಾರಿ ಎದ್ದು ಕೂರುವುದರಿಂದ ಆರಂಭಿಸಬಹುದು. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಹೊಸನಗರದಿಂದ:
ನಮ್ಮ ಅತ್ತೆಯವರಿಗೂ ಹೀಗೆಯೇ ಆಗಿತ್ತು. ಅವರೇ ರವಿಕೆ ತೊಟ್ಟರೆ ಇಪ್ಪತ್ತು ನಿಮಿಷ, ಆಯಾ ತೊಡಿಸಿದರೆ ಐದು. ಹತ್ತಾರು ಜನರನ್ನು ನೋಡಿಕೊಳ್ಳುವ ಆಕೆಯನ್ನು ದೂರುವುದು ನನಗೆ ಸರಿಯೆನಿಸಲಿಲ್ಲ. ಹಾಗಾಗಿ ಬೆಳಗಿನ ಹೊತ್ತು ನಾವೇ ಸರದಿಯಲ್ಲಿ ಹೋಗಿ ಅವರ ಪಕ್ಕದಲ್ಲಿ ಕಾಯುತ್ತಾ ನಿಂತೆವು. ಭುಜದ ಎತ್ತರಕ್ಕೆ ಹಗ್ಗ ಕಟ್ಟಿಸಿ, ಒಣಗಿದ ಟವೆಲು ತೆಗೆದು ಮಡಚುವ ಕೆಲಸ ಕೊಟ್ಟೆವು. ವ್ಯಾಯಾಮವೆಂದರೆ ಒಲ್ಲೆನ್ನುತ್ತಿದ್ದವರು ಅದನ್ನು ತಮ್ಮದೇ ಕೆಲಸವೆಂದು ಮಾಡಿದರು.

ತೀರ್ಥಹಳ್ಳಿ ಕಡೆಯವಳು:
ಇಬ್ಬರಿಗೂ ಧನ್ಯವಾದಗಳು. ಮೊಣಕಾಲಿನಡಿಯ ದಿಂಬನ್ನು ನಾನೇ ಮನೆಯಿಂದ ಒಯ್ದು ಕೊಟ್ಟಿದ್ದೆ. ಭಾನುವಾರ ಹೋದಾಗ ಅದನ್ನು ತೆಗೆಸಿ, ಬಾಚಣಿಗೆಯನ್ನು ಅಮ್ಮನ ಕೈಗೇ ಕೊಡುವಂತೆ ಕೇಳಿಕೊಳ್ಳುತ್ತೇನೆ.