ಹೊಸದಾಗಿ ಮಾಡಿದ ಹಳೇ ಶೈಲಿಯ ಜೇಬುಚಾಕು: ಅನುಭವ ಇದ್ದವರು ಸ್ವಲ್ಪ ಹೇಳಿ

ಹೊಸ_ಹುಚ್ಚು:
ಎಲ್ಲರಿಗೂ ನಮಸ್ಕಾರ. ಈಚೆಗೆ ಮಡಚುವ ಚಾಕುಗಳ ಹುಚ್ಚು ಹಿಡಿದಿದೆ. ಒಂದೇ ಕೈಯಲ್ಲಿ ಟಕ್ ಅಂತ ತೆರೆಯುವ ಕಪ್ಪು ಬಣ್ಣದವು ಬರುತ್ತವಲ್ಲ, ಅವಲ್ಲ. ಮೂಳೆಯ ಹಿಡಿ, ಬೆನ್ನಿಗೆ ಸ್ಪ್ರಿಂಗ್, ಉಗುರು ಹಾಕಿ ಎಳೆಯುವ ಅಲಗು, ಲಾಕ್ ಇಲ್ಲ, ಅಂಥವು. ಹಳೆಯ ಕಾಲದ ಮಾಲು ಬೇಡ, ಈಗ ಮಾಡುತ್ತಿರುವ ಹೊಸದೇ ಬೇಕು. ನನ್ನ ಹತ್ತಿರ ಕೇಸ್ ಅನ್ನುವ ಅಮೆರಿಕದ ಕಂಪನಿಯ ಮೂರು ಅಲಗಿನ ಒಂದು ಚಾಕು ಇದೆ. ಎರಡನೆಯದು ಹುಡುಕೋಣ ಅಂದರೆ ಎಲ್ಲರ ಬಾಯಲ್ಲೂ ಜಿಇಸಿ ಹೆಸರು, ಎಲ್ಲಿ ನೋಡಿದರೂ 'ಮುಗಿದಿದೆ'. ಇದರಲ್ಲಿ ನಿಜಕ್ಕೂ ಏನಾದರೂ ಇದೆಯಾ ಅಥವಾ ಬರೀ ಗಲಾಟೆಯಾ? ಕೈಗೆ ಬಂದಾಗ ಏನು ನೋಡಬೇಕು? ಕಾರ್ಬನ್ ಉಕ್ಕು ತಗೊಂಡರೆ ತುಕ್ಕಿನ ಕಾಟ ಜಾಸ್ತಿನಾ? ಬಳಸಬೇಕಾ, ಪೆಟ್ಟಿಗೆಯಲ್ಲೇ ಇಡಬೇಕಾ? ನಿಮ್ಮ ಅನುಭವ ಹೇಳಿ.

ಬೆನ್ನುಸ್ಪ್ರಿಂಗ್:
ಸ್ವಾಗತ, ಇನ್ನು ನಿಮ್ಮ ಪರ್ಸನ್ನು ದೇವರೇ ಕಾಯಬೇಕು.

ಗಲಾಟೆಯೂ ಇದೆ, ವಿಷಯವೂ ಇದೆ. ಜಿಇಸಿ ಅಂದರೆ ಗ್ರೇಟ್ ಈಸ್ಟರ್ನ್ ಕಟ್ಲರಿ. ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಊರಿನಲ್ಲಿ 2006ರಲ್ಲಿ ಶುರುವಾದದ್ದು. ಕಂಪನಿ ಹೊಸದು, ಕೆಲಸದ ರೀತಿ ಹಳೆಯದು. ಟಿಡಿಯೂಟ್, ನಾರ್ತ್‌ಫೀಲ್ಡ್ ಅಂತ ಅಲಗಿನ ಬುಡದಲ್ಲಿ ಕಾಣುತ್ತದಲ್ಲ, ಅವೆಲ್ಲ ಹಿಂದೆ ಇದ್ದ ಚಾಕು ಕಾರ್ಖಾನೆಗಳ ಹೆಸರು, ಇವರು ಮತ್ತೆ ಬಳಕೆಗೆ ತಂದಿದ್ದಾರೆ. ಅವರು ಎಲ್ಲ ಮಾದರಿಗಳನ್ನೂ ಸದಾ ಮಾಡುತ್ತಾ ಕೂರುವುದಿಲ್ಲ. ಒಂದು ಮಾದರಿ ಕೈಗೆತ್ತಿಕೊಂಡರೆ ಅದಕ್ಕೇ ಬೇರೆ ಬೇರೆ ಹಿಡಿ ಹಾಕಿ ಒಂದಷ್ಟು ಮಾಡಿ ಮುಂದಿನದಕ್ಕೆ ಹೋಗಿಬಿಡುತ್ತಾರೆ, ಅದು ಮತ್ತೆ ಬರುವುದು ಎಷ್ಟೋ ವರ್ಷಗಳ ಮೇಲೆ, ಕೆಲವು ಬರುವುದೇ ಇಲ್ಲ. ಕೊಳ್ಳುವವರ ತಲೆಯಲ್ಲಿ ಇದು 'ಈಗ ಬಿಟ್ಟರೆ ಹೋಯ್ತು' ಅನ್ನುವ ಭಯವಾಗಿ ಕೂರುತ್ತದೆ. ಹುಚ್ಚಿನಲ್ಲಿ ಅರ್ಧ ಪಾಲು ಈ ಭಯದ್ದೇ, ಚಾಕುವಿನದ್ದಲ್ಲ. ಸಿಗಲಿಲ್ಲ ಅಂತ ದುಪ್ಪಟ್ಟು ಕೊಟ್ಟು ಬೇರೆಯವರಿಂದ ತಗೊಳ್ಳಬೇಡಿ. ಇದಕ್ಕೆ ಹತ್ತಿರದ ಇನ್ನೊಂದು ಬಂದೇ ಬರುತ್ತದೆ.

ಕೈಗೆ ಬಂದಾಗ ನೋಡಬೇಕಾದ್ದು ಇದು. ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದು ಸ್ಪ್ರಿಂಗ್ ಮತ್ತು ಲೈನರ್ (ಹಿಡಿಯ ಒಳಬದಿಯ ಲೋಹದ ತಗಡು) ನಡುವೆ ಬೆಳಕು ತೂರುತ್ತದಾ ನೋಡಿ. ಕೂದಲೆಳೆಯಷ್ಟು ಸಂದಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಉಗುರು ಹೋಗುವಷ್ಟಿದ್ದರೆ ವಾಪಸ್ ಕಳಿಸಿ. ಅಲಗು ತೆರೆದು ಅಕ್ಕಪಕ್ಕ ಅಲ್ಲಾಡಿಸಿ, ಅಲ್ಲಾಡಬಾರದು. ತೆರೆದಾಗ, ಮುಚ್ಚಿದಾಗ, ಎರಡೂ ಸಲ ಬೆನ್ನಿನ ಮೇಲೆ ಬೆರಳು ಓಡಿಸಿ, ಸ್ಪ್ರಿಂಗ್ ಎಲ್ಲೂ ಎದ್ದಿರಬಾರದು, ತಗ್ಗಿರಲೂ ಬಾರದು. ಬೆರಳಿಗೆ ಒಂದೇ ಸಮ ಸಿಕ್ಕರೆ ಯಾರೋ ಕೂತು ಅರದಲ್ಲಿ ಉಜ್ಜಿ ಹೊಂದಿಸಿದ್ದಾರೆ ಅಂತ ಅರ್ಥ. ಇನ್ನೊಂದು, ಬಹಳ ಜನ ನೋಡುವುದೇ ಇಲ್ಲ: ತೆಳು ಕಾಗದದ ಪಟ್ಟಿಯನ್ನು ಒಳಗಿಟ್ಟು ಅಲಗನ್ನು ಮಾಮೂಲಿನಂತೆ ಮುಚ್ಚಿ. ಕಾಗದ ಕತ್ತರಿಸಿದರೆ ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿಯುತ್ತಿದೆ. ನೀವು ಎಷ್ಟು ಸಾಣೆ ಹಿಡಿದರೂ ಅದೇ ಜಾಗ ಮತ್ತೆ ಮೊಂಡಾಗುತ್ತಾ ಇರುತ್ತದೆ.

ಆಮೇಲೆ ಸದ್ದು. 'ವಾಕ್ ಅಂಡ್ ಟಾಕ್' ಅಂತಾರೆ ನಮ್ಮವರು. ಅಲಗು ಎಷ್ಟು ನಯವಾಗಿ ತಿರುಗುತ್ತದೆ, ಕೊನೆಗೆ ಎಂಥ ಟಕ್ ಕೊಡುತ್ತದೆ, ಅದು. ಚಿತ್ರ ನೋಡಿ ಕೊಂಡವರಿಗೆ ಇದು ಗೊತ್ತಾಗುವುದು ಕೈಗೆ ಬಂದ ಮೇಲೆಯೇ, ಯಾಕೆಂದರೆ ಒಂದೇ ಕಂತಿನಲ್ಲಿ ಬಂದ ಎರಡು ಚಾಕು ಕೂಡ ಒಂದೇ ತರ ಇರುವುದಿಲ್ಲ. ನನಗಂತೂ ಈ ಚಾಕುಗಳ ರುಚಿ ಇರುವುದೇ ಇಲ್ಲಿ.

ಉಗುರು_ಮುರುಕ:
ಮೇಲಿನವರು ಒಂದು ಬಿಟ್ಟರು. ಜಿಇಸಿ ಸ್ಪ್ರಿಂಗು ಕೆಲವು ಮಾದರಿಗಳಲ್ಲಿ ಸಿಕ್ಕಾಪಟ್ಟೆ ಬಿಗಿ. ಕೊಳ್ಳುವ ಮುಂಚೆ ಅಲಗು ಎಳೆಯಲು ಎಷ್ಟು ಬಲ ಬೇಕು ಅಂತ ಕೇಳಿ ಮಾರಾಯ್ರೆ, ಒಂದರಿಂದ ಹತ್ತರೊಳಗೆ ಅಂಕ ಕೊಡುತ್ತಾರೆ. ಐದಾರು ಹಿತ. ಎಂಟು ಅಂದರೆ ಉಗುರು ಹೋಯ್ತು ಅಂದುಕೊಳ್ಳಿ. ಹಾಫ್ ಸ್ಟಾಪ್ ಇದೆಯಾ ಅಂತಲೂ ಕೇಳಿ. ಅಲಗಿನ ಬುಡ ಚೌಕವಾಗಿದ್ದರೆ ಅರ್ಧ ತೆರೆದಾಗ ಒಮ್ಮೆ ನಿಲ್ಲುತ್ತದೆ, ದುಂಡಗಿದ್ದರೆ ನಿಲ್ಲದೆ ಹೋಗುತ್ತದೆ. ಮುಚ್ಚುವಾಗ ಬೆರಳು ಸರಿಸಿಕೊಳ್ಳಲು ಸಮಯ ಸಿಗುತ್ತದೆ ಅಂತ ನನಗೆ ನಿಲ್ಲುವುದೇ ಇಷ್ಟ.

ಕಪ್ಪು_ಅಲಗು:
ಕಾರ್ಬನ್ ಉಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಜಿಇಸಿಯವರು ಹೆಚ್ಚಾಗಿ 1095 ಅನ್ನುವ ಉಕ್ಕು ಹಾಕುತ್ತಾರೆ. ಅದರಲ್ಲಿ ಶೇಕಡಾ 0.95ರಷ್ಟು ಇಂಗಾಲ, ಕ್ರೋಮಿಯಂ ಸೇರಿಸಿರುವುದಿಲ್ಲ. ಅದಕ್ಕೇ ಸಾಣೆಕಲ್ಲಿಗೆ ಬೇಗ ಬಗ್ಗುತ್ತದೆ, ಅದಕ್ಕೇ ತುಕ್ಕೂ ಬೇಗ ಹಿಡಿಯುತ್ತದೆ. ಎರಡೂ ಒಟ್ಟಿಗೇ ಬರುತ್ತವೆ. ಆದರೆ ಜನ ಹೆದರುವಷ್ಟೇನಿಲ್ಲ. ಸೇಬು, ಕಿತ್ತಳೆ ಕೊಯ್ದು ನೋಡಿ, ಅಲಗು ಬೂದು, ನೀಲಿ, ಕಪ್ಪು ಹೀಗೆ ಬಣ್ಣ ತಿರುಗುತ್ತದೆ. ಅದು ಪಟೀನಾ, ತುಕ್ಕಲ್ಲ. ಅದು ಕೂತ ಮೇಲೆ ಕೆಂಪು ತುಕ್ಕು ಹಿಡಿಯುವುದು ಸ್ವಲ್ಪ ಕಷ್ಟವಾಗುತ್ತದೆ. ಹೊಳಪು ಹೋಯ್ತು ಅಂತ ಉಜ್ಜಿ ಉಜ್ಜಿ ತೆಗೆಯುವವರನ್ನು ಕಂಡರೆ ನನಗೆ ಸಂಕಟ. ಕೆಲವರು ವಿನೆಗರ್ ಹಚ್ಚಿ ಒಂದೇ ಸಂಜೆಯಲ್ಲಿ ಬಣ್ಣ ಬರಿಸುತ್ತಾರೆ, ತಪ್ಪೇನಿಲ್ಲ, ಆದರೆ ಬಳಸಿ ಬಳಸಿ ಬಂದ ಬಣ್ಣದ ಮುಂದೆ ಅದು ಸಪ್ಪೆ.

ಮಾಡಬೇಕಾದ್ದು ಇಷ್ಟೇ: ಒದ್ದೆಯಾದರೆ ಒರೆಸಿ, ತಿರುಗುವ ಕೀಲಿಗೆ ಆಗಾಗ ಒಂದು ಹನಿ ಮಿನರಲ್ ಆಯಿಲ್ ಬಿಡಿ. ಅಡುಗೆ ಎಣ್ಣೆ ಹಾಕಬೇಡಿ, ಅಂಟಂಟಾಗಿ ಹಳಸಲು ವಾಸನೆ ಬರುತ್ತದೆ. ಹೊಸ ಚಾಕು ಬಂದ ದಿನವೇ ಎಣ್ಣೆ ಬಿಟ್ಟು ಅಲಗನ್ನು ತೆರೆದು ಮುಚ್ಚಿ ಮಾಡಿ, ಕೀಲಿನಿಂದ ಕಪ್ಪು ಕೊಳೆ ಇಳಿಯುತ್ತದೆ, ಕಾರ್ಖಾನೆಯಲ್ಲಿ ಹೊಳಪು ಕೊಟ್ಟಾಗಿನ ಪುಡಿ ಅದು. ಬಟ್ಟೆಗೆ ಕೊಳೆ ಅಂಟದೇ ಇರುವವರೆಗೆ ಒರೆಸಿ. 'ಹೊಸ ಚಾಕು ಗರಗರ ಅನ್ನುತ್ತೆ' ಅಂತ ದೂರುವವರಲ್ಲಿ ಬಹಳ ಜನ ಇಷ್ಟನ್ನೂ ಮಾಡಿರುವುದಿಲ್ಲ. ಚರ್ಮದ ಚೀಲದಲ್ಲಿ ದಿನಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಪ್ಲಾಸ್ಟಿಕ್) ಹಿಡಿಯ ಚಾಕು ನಿಮ್ಮ ಕೈಗೆ ಬಂದರೆ ಅದನ್ನು ಉಳಿದವುಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಇಡಲೇಬೇಡಿ. ಹಳೆಯದಾಗಿ ಕೆಡುವಾಗ ಅದರಿಂದ ಆಮ್ಲದ ಆವಿ ಬರುತ್ತದೆ, ಪಕ್ಕದಲ್ಲಿರುವ ಅಲಗುಗಳೂ ತುಕ್ಕು ಹಿಡಿಯುತ್ತವೆ.

ಚುಕ್ಕಿ_ಎಣಿಸುವವ:
ನಿಮ್ಮ ಹತ್ತಿರ ಇರುವ ಕೇಸನ್ನು ಕಡೆಗಣಿಸಬೇಡಿ. ಜಿಇಸಿ ಅಂತ ಓಡುವವರು ಪೆನ್ಸಿಲ್ವೇನಿಯಾದ್ದೇ ಬ್ರಾಡ್‌ಫರ್ಡ್ ಊರಿನ ಈ ಚಾಕುಗಳನ್ನು ಯಾಕೋ ಮೂಗು ಮುರಿದು ನೋಡುತ್ತಾರೆ. ಕೇಸ್ ಹೆಸರು 1889ರಿಂದ ಇದೆ, 1993ರಲ್ಲಿ ಅದೇ ಊರಿನ ಜಿಪ್ಪೋ ಲೈಟರ್‌ನವರು ಕೊಂಡುಕೊಂಡರು. ಅಲಗಿನ ಬುಡ ನೋಡಿ, ಒಂದು ಸಂಖ್ಯೆ ಇರುತ್ತದೆ. 6318 ಅಂತಿದ್ದರೆ, 6 ಅಂದರೆ ಗೀರು ಹಾಕಿದ ಮೂಳೆಯ ಹಿಡಿ, 3 ಅಂದರೆ ಮೂರು ಅಲಗು, 18 ಅಂದರೆ ಸ್ಟಾಕ್‌ಮನ್ ಅನ್ನುವ ಮಾದರಿ, ಮಧ್ಯಮ ಗಾತ್ರದ್ದು. ಹಳದಿ ಹಿಡಿಗೆ ಮೊದಲ ಅಂಕಿ 3. ಮುಂದೆ ಎಸ್ಎಸ್ ಇದ್ದರೆ ಸ್ಟೇನ್‌ಲೆಸ್, ಸಿವಿ ಇದ್ದರೆ ಕ್ರೋಮ್ ವನಾಡಿಯಂ ಸೇರಿಸಿದ ಕಾರ್ಬನ್ ಉಕ್ಕು. ಇಸವಿಯೂ ಅಲ್ಲೇ ಸಿಗುತ್ತದೆ: 1970ರಲ್ಲಿ ಹತ್ತು ಚುಕ್ಕಿ ಹಾಕಿ ವರ್ಷಕ್ಕೊಂದು ಕಡಿಮೆ ಮಾಡುತ್ತಾ ಬಂದರು, 1980ರಲ್ಲಿ ಮತ್ತೆ ಹತ್ತರಿಂದ ಶುರು. ಈ ಲೆಕ್ಕ ಗೊತ್ತಾದ ಮೇಲೆ ಯಾರ ಚಾಕು ಕಂಡರೂ ಮೊದಲು ಬುಡ ತಿರುಗಿಸಿ ನೋಡುವುದೇ ಆಗುತ್ತದೆ, ಹುಷಾರು.

ಮೂಳೆಗೆ ಯಾಕೆ ಗೀರು ಹಾಕುತ್ತಾರೆ ಗೊತ್ತಾ? ಜಿಂಕೆ ಜಾತಿಯ ಕೊಂಬಿನ ಒರಟು ಮೈಯನ್ನು ಹೋಲಲಿ ಅಂತ. ಚಾಕು ಮಾಡುವವರು ಬಹಳ ಇಷ್ಟಪಡುತ್ತಿದ್ದದ್ದು ಭಾರತದ ಕಡವೆ ಕೊಂಬು. ಅದರ ರಫ್ತಿಗೆ ನಿಷೇಧ ಬಂದ ಮೇಲೆ ಒಳ್ಳೆಯ ಕೊಂಬು ಸಿಗುವುದೇ ಅಪರೂಪ. ಹಾಗಾಗಿ ಯಾರಾದರೂ 'ಹೊಸ ಕಡವೆ ಕೊಂಬು, ಬೇಕಾದಷ್ಟಿದೆ' ಅಂದರೆ ನಾಲ್ಕು ಪ್ರಶ್ನೆ ಕೇಳಿ.

ಸುಮ್ನೆ_ಒಂದು:
ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಒದ್ದಾಟ ಯಾಕೆ? ಒಂದು ಒಪಿನೆಲ್ ತಗೊಳ್ಳಿ. ಫ್ರಾನ್ಸಿನ ಸವಾಯ್‌ನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ ಮಾದರಿ, ಇಂದಿಗೂ ಹೆಚ್ಚು ಕಡಿಮೆ ಅದೇ. ಬೆನ್ನಿಗೆ ಸ್ಪ್ರಿಂಗೇ ಇಲ್ಲ, ಮರದ ಹಿಡಿಯಲ್ಲಿ ಸೀಳು, ಒಂದು ಪಿನ್ನು, ತಿರುಗಿಸಿ ಬಿಗಿ ಮಾಡುವ ಬಳೆ, ಆ ಬಳೆ ಮಾತ್ರ 1955ರಲ್ಲಿ ಬಂದದ್ದು. ತೇವಕ್ಕೆ ಮರ ಉಬ್ಬಿ ಅಲಗು ಬರಲಿಲ್ಲ ಅಂದರೆ ಬಳೆ ಸಡಿಲಿಸಿ ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ, ತಾನೇ ಹೊರಬರುತ್ತದೆ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಇನ್ನೂ ಸರಳ: ಮಡಚಿದ ತಗಡು, ಒಂದು ಅಲಗು, ಹೆಬ್ಬೆರಳಲ್ಲಿ ಒತ್ತಿ ಹಿಡಿಯುವ ಚಿಕ್ಕ ಬಾಲ. ಫ್ರಾನ್ಸಿನದೇ ಇನ್ನೊಂದು ಮಾದರಿ ಲಗಿಯೋಲ್ ಬೇಕು ಅನ್ನಿಸಿದರೆ ಮಾತ್ರ ಕಣ್ಣು ಬಿಟ್ಟು ಕೊಳ್ಳಿ. ಆ ಹೆಸರನ್ನು ಒಬ್ಬರೇ ಬಳಸಬೇಕು ಅಂತೇನಿರಲಿಲ್ಲ, ಯಾರು ಬೇಕಾದರೂ ಜೇನುನೊಣದ ಗುರುತು ಹಾಕಿ ಮಾರುತ್ತಾ ಬಂದರು. ಹೆಸರು ನೋಡಬೇಡಿ, ಮಾಡಿದವರು ಯಾರು ಅಂತ ನೋಡಿ.

ಬೆನ್ನುಸ್ಪ್ರಿಂಗ್:
ಒಪಿನೆಲ್ ಒಳ್ಳೆಯದೇ, ಆದರೆ ಅವರು ಕೇಳಿದ್ದು ಬೆನ್ನಿಗೆ ಸ್ಪ್ರಿಂಗ್ ಇರುವ, ಲಾಕ್ ಇಲ್ಲದ ಚಾಕು. ಅದನ್ನು ತೋರಿಸಿ ಇದು ಸಾಕು ಅಂದರೆ ಹೇಗೆ?

ಸುಮ್ನೆ_ಒಂದು:
ಸರಿ ಬಿಡಿ, ಒಪ್ಪಿದೆ. ಹಣ್ಣು ಕೊಯ್ಯುವಾಗ ಮಾತ್ರ ನೆನಪಿಸಿಕೊಳ್ಳಿ.

ಗಾಜಿನ_ಪೆಟ್ಟಿಗೆ:
ಬಳಸುವುದಾ ಇಡುವುದಾ ಅಂತ ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ನಾನು ಇಡುವ ಪೈಕಿ. ಒಂದು ಸಲ ಸಾಣೆ ಹಿಡಿದರೆ ಸಂಗ್ರಹಕಾರರ ಲೆಕ್ಕದಲ್ಲಿ ಅದು ಬಳಸಿದ ಚಾಕು, ಮತ್ತೆ ಮಾರುವಾಗ ಬೆಲೆ ಇಳಿಯುತ್ತದೆ. ಹಾಗಂತ ಹೂಡಿಕೆ ಅಂತ ಕೊಳ್ಳುವವರನ್ನು ನಾನೂ ನಂಬುವುದಿಲ್ಲ. ಇವತ್ತು ಎಲ್ಲರೂ ಮುಗಿಬೀಳುವ ಮಾದರಿ ಮತ್ತೊಂದು ಕಂತು ಬಂದ ದಿನ ತಣ್ಣಗಾಗುತ್ತದೆ. ನಾನು ಇಡುವುದು ನೋಡುವುದಕ್ಕೆ, ಅಷ್ಟೇ. ಡಬ್ಬ, ಜೊತೆಗೆ ಬಂದ ಕಾಗದ ಎಸೆಯಬೇಡಿ. ಇಡುವುದಾದರೂ ತಿಂಗಳಿಗೊಮ್ಮೆ ತೆರೆದು ಒರೆಸಿ, ಮುಟ್ಟದೆ ಬಿಟ್ಟ ಕಾರ್ಬನ್ ಅಲಗಿನ ಮೇಲೆ ಬೆರಳಚ್ಚೇ ತುಕ್ಕಾಗಿ ಮೂಡುತ್ತದೆ.

ಕಪ್ಪು_ಅಲಗು:
ಹೊಸದಾಗಿ ಮಾಡುತ್ತಿರುವ ಚಾಕುವನ್ನು ಕೊಯ್ಯದೆ ಇಡುವುದು ನನಗಂತೂ ಅರ್ಥವಾಗುವುದಿಲ್ಲ. ಹಳೆಯದು ಮುಗಿದು ಹೋಗುತ್ತದೆ, ಅದನ್ನು ಕಾಪಾಡಿ, ಸರಿ. ಇವರು ಇನ್ನೂ ಮಾಡುತ್ತಲೇ ಇದ್ದಾರಲ್ವಾ?

ಗಾಜಿನ_ಪೆಟ್ಟಿಗೆ:
ನನ್ನ ಚಾಕು, ನನ್ನ ಪೆಟ್ಟಿಗೆ ಸ್ವಾಮಿ.

ಉಗುರು_ಮುರುಕ:
ಜಗಳ ಆಮೇಲೆ. ಜೇಬಿನಲ್ಲಿಟ್ಟು ಓಡಾಡುವುದಾದರೆ ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ನೋಡಿಕೊಳ್ಳಿ, ಎಲ್ಲ ಕಡೆ ಒಂದೇ ತರ ಇಲ್ಲ. ಬ್ರಿಟನ್ನಿನಲ್ಲಿ ಲಾಕ್ ಇಲ್ಲದೆ ಮಡಚುವ, ಬಾಯಿ ಮೂರು ಇಂಚು ಮೀರದ ಚಾಕುವನ್ನು ಕಾರಣ ಕೊಡದೆ ಇಟ್ಟುಕೊಳ್ಳಬಹುದು, ಲಾಕ್ ಇದ್ದರೆ ಆ ವಿನಾಯಿತಿ ಇಲ್ಲ. ಅಲ್ಲಿ ನಮ್ಮ ತರದ ಚಾಕು ಇಷ್ಟಪಡುವವರು ಬಹಳ ಜನ ಇರುವುದಕ್ಕೆ ಇದೂ ಒಂದು ಕಾರಣ. ವಿಮಾನ ಹತ್ತುವ ಮುಂಚೆ ಕೈಚೀಲ, ಜೇಬು ಎರಡೂ ತಡವಿಕೊಳ್ಳಿ.

ಹೊಸ_ಹುಚ್ಚು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕೇಸ್ ಬುಡ ತಿರುಗಿಸಿ ನೋಡಿದೆ, 6318 ಎಸ್ಎಸ್! ಕಾಗದ ಇಟ್ಟು ನೋಡಿದೆ, ಚಿಕ್ಕ ಅಲಗು ಕಾಗದ ಕತ್ತರಿಸಿತು, ಉಳಿದ ಎರಡು ಸರಿ ಇವೆ. ಎರಡನೆಯದು ಒಂದೇ ಅಲಗಿನದ್ದು, ಕಾರ್ಬನ್, ದಿನಾ ಬಳಸುವುದಕ್ಕೆ. ಯಾವ ಮಾದರಿ?

ಬೆನ್ನುಸ್ಪ್ರಿಂಗ್:
ಬಾರ್ಲೋ. ಉದ್ದನೆಯ ಬೋಲ್ಸ್ಟರ್ (ಹಿಡಿಯ ತುದಿಯ ಲೋಹದ ಭಾಗ) ಇರುವುದರಿಂದ ಕೀಲಿನ ಹತ್ತಿರ ಗಟ್ಟಿ, ಜೇಬಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಒಂದೇ ಅಲಗು ಅಂದರೆ ಅದು ನಡುವೆ ನೇರವಾಗಿ ಕೂರುತ್ತದೆ, ಅಲಗಿಗೆ ಅಲಗು ಉಜ್ಜುವ ರಗಳೆ ಇಲ್ಲ. ಬಾರ್ಲೋ ಸಿಗಲಿಲ್ಲ ಅಂದರೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಡುವ ಲ್ಯಾಂಬ್ಸ್‌ಫುಟ್ ನೋಡಿ, ಅಲಗಿನ ಬಾಯಿ ನೇರ, ಹಾಗಾಗಿ ಸಾಣೆ ಕಲಿಯುವವರಿಗೆ ಅದರಷ್ಟು ಸುಲಭ ಬೇರೆ ಇಲ್ಲ. ಅವರ ಚಾಕುಗಳಲ್ಲಿ ಜಿಇಸಿಯ ನಯ ಹುಡುಕಬೇಡಿ, ಸಂದಿ ಅಲ್ಲಲ್ಲಿ ಕಾಣುತ್ತದೆ, ಆದರೆ ಕೊಯ್ಯುವ ಕೆಲಸದಲ್ಲಿ ಕೊರತೆ ಇಲ್ಲ. ನಿಮ್ಮ ಕೇಸಿನ ಚಿಕ್ಕ ಅಲಗನ್ನು ಬಡಿಯಲು ಬಿಡದೆ ಬೆರಳಿಟ್ಟು ಮೆಲ್ಲಗೆ ಮುಚ್ಚಿ. ಕಾಗದ ಎಲ್ಲಿ ಕತ್ತರಿಸುತ್ತಿದೆ ಅಂತ ಒಂದು ಫೋಟೋ ಹಾಕಿ, ನೋಡೋಣ.